ಬುದ್ಧಿ ಎಷ್ಟು, ಅದೃಷ್ಟ ಎಷ್ಟು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಜೊತೆಯಲ್ಲಿ ಓದಿದವರು ಮುಂದೆ ಹೋದರು, ಅವರ ರಕ್ತದಲ್ಲೇ ಬುದ್ಧಿ ಇದೆ, ನಮ್ಮದರಲ್ಲಿ ಇಲ್ಲ ಅಂತ ಬರೆದಿದ್ದೀಯ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಲೆಕ್ಕ ಬರುತ್ತದೆ, ಸಹಿಸಿಕೋ.

ಹೆತ್ತವರ ಗುಣ ಮಕ್ಕಳಿಗೆ ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಹೆತ್ತವರ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಒಂದು ಲೆಕ್ಕ ಕೊಟ್ಟ. ಹೆತ್ತವರು ಸರಾಸರಿಗಿಂತ ಎಷ್ಟು ಎತ್ತರವೋ, ಅದರಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಮಕ್ಕಳಲ್ಲಿ ಉಳಿದಿತ್ತು. ಹೀಗೇ ಮುಂದುವರಿದರೆ ಮೊಮ್ಮಕ್ಕಳ ಹೊತ್ತಿಗೆ ಅರ್ಧವೂ ಉಳಿಯುವುದಿಲ್ಲ. (ಮನುಷ್ಯರ ತಳಿ ಸುಧಾರಿಸಬೇಕು ಎನ್ನುವ ಕೆಟ್ಟ ವಾದವನ್ನು ಹುಟ್ಟುಹಾಕಿದವನೂ ಇವನೇ. ಅವನ ಲೆಕ್ಕ ತಗೋ, ವಾದ ಬಿಡು.)

ಹಾಗಾದರೆ ದೊಡ್ಡ ಆಸ್ತಿ ತಲೆಮಾರುಗಟ್ಟಲೆ ನಿಲ್ಲುವುದು ಹೇಗೆ? ಸ್ವೀಡನ್ನಿನಲ್ಲಿ ದತ್ತು ಹೋದ ಮಕ್ಕಳು ದೊಡ್ಡವರಾದ ಮೇಲೆ ಅವರ ಆಸ್ತಿಯನ್ನು ನೋಡಿದ್ದಾರೆ. ಅದು ಹೆತ್ತವರ ಆಸ್ತಿಗಿಂತ ಸಾಕಿದವರ ಆಸ್ತಿಗೇ ಹೆಚ್ಚು ಹೊಂದುತ್ತಿತ್ತು. ಓದಿನಲ್ಲಿ ಹೆತ್ತವರದೂ ಸಾಕಿದವರದೂ ಪಾಲಿದೆ.

ಇನ್ನು ಅದೃಷ್ಟ. ಕೈಯಲ್ಲಿ 100 ಇದೆ ಅಂದುಕೋ. ನಾಣ್ಯ ಚಿಮ್ಮುತ್ತೀಯ. ಗೆದ್ದರೆ ಕೈಲಿರುವುದರ ಮೇಲೆ ನೂರಕ್ಕೆ 20 ಬರುತ್ತದೆ, ಸೋತರೆ ನೂರಕ್ಕೆ 17 ಹೋಗುತ್ತದೆ. ಲಾಭದ ಆಟ ಅನ್ನಿಸುತ್ತೆ, ಅಲ್ವಾ? ಒಮ್ಮೆ ಗೆದ್ದು ಒಮ್ಮೆ ಸೋಲು: 100 ಹೋಗಿ 120 ಆಯಿತು, 120 ಹೋಗಿ 99.6 ಆಯಿತು. ಐದು ಗೆದ್ದು ಐದು ಸೋತರೆ ಸುಮಾರು 98. ಗೆಲುವು ಸೋಲು ಸಮವಾದರೂ ಕೈಲಿರುವುದು ಕರಗುತ್ತದೆ. ಸಾವಿರ ಜನ ಆಡಿದರೆ ಸೋತದ್ದಕ್ಕಿಂತ ತುಂಬಾ ಹೆಚ್ಚು ಸಲ ಗೆದ್ದ ಕೆಲವರು ಎಲ್ಲೋ ಮೇಲೆ ಹೋಗಿರುತ್ತಾರೆ, ಉಳಿದವರಲ್ಲಿ ಜಾಸ್ತಿ ಜನ ಹೊರಟ ಜಾಗಕ್ಕಿಂತ ಕೆಳಗಿರುತ್ತಾರೆ. ಇಲ್ಲಿ ಯಾರೂ ಯಾರಿಗಿಂತ ಜಾಣರಲ್ಲ. ಮೇಲೆ ಹೋದವರನ್ನು ಕೇಳಿದರೆ ಮಾತ್ರ ನಾಣ್ಯ ಚಿಮ್ಮುವ ಕಲೆಯ ಬಗ್ಗೆ ಭಾಷಣ ಮಾಡುತ್ತಾರೆ!

ಅಪ್ಪನ ಆದಾಯದ ಅನುಕೂಲ ಮಗನಿಗೆ ಎಷ್ಟು ದಾಟುತ್ತದೆ ಅಂತ ಅರ್ಥಶಾಸ್ತ್ರಜ್ಞ ಮೈಲ್ಸ್ ಕೋರಾಕ್ ಹಲವು ದೇಶಗಳನ್ನು ಹೋಲಿಸಿದ್ದಾರೆ. ಡೆನ್ಮಾರ್ಕಿನಲ್ಲಿ ನೂರಕ್ಕೆ ಸುಮಾರು 15, ಅಮೆರಿಕದಲ್ಲಿ 50ರ ಹತ್ತಿರ. ಹುಟ್ಟಿನ ಬುದ್ಧಿಯೇ ಎಲ್ಲ ಆಗಿದ್ದರೆ ಇಷ್ಟು ಅಂತರ ಬರುತ್ತಿರಲಿಲ್ಲ. ಶಾಲೆ, ತೆರಿಗೆ, ಕೆಲಸ ಸಿಗುವ ರೀತಿ, ಇವೂ ಸೇರಿಯೇ ಈ ಅಂಕಿ.

ನೀನು ಮಾಡಬೇಕಾದ್ದು ಇಷ್ಟು. ಇರುವುದೆಲ್ಲ ಒಂದೇ ಪರೀಕ್ಷೆಗೆ, ಒಂದೇ ಕಂಪನಿಗೆ ಕಟ್ಟಬೇಡ. ಸೋತ ಮೇಲೂ ಮತ್ತೆ ಸೇರಿಕೊಳ್ಳಲು ಆಗುವಂಥ ಕಸುಬು ಹಿಡಿ. ಕೆಲವು ತಿಂಗಳ ಖರ್ಚು ಬೇರೆ ಎತ್ತಿಡು. ಶ್ರೀಮಂತರ ಮಕ್ಕಳು ಧೈರ್ಯವಂತರಂತೆ ಕಾಣುವುದು ಈ ದುಡ್ಡಿನಿಂದಲೇ. ಮೂರು ಸಲ ಬಿದ್ದರೂ ನಾಲ್ಕನೇ ಸಲಕ್ಕೆ ಅವರು ಆಟದಲ್ಲಿ ಇರುತ್ತಾರೆ.

ನಿನ್ನ ತಮ್ಮ ಲೆಕ್ಕದಲ್ಲಿ ಹಿಂದೆ ಅಂತ ಓದು ಬಿಡಿಸುವ ಮಾತು ಬಂದಿದೆಯಂತೆ. ಅವನಿಗೆ ದಡ್ಡ ಅನ್ನಬೇಡಿ. ನಿಮ್ಮಪ್ಪನ ಹತ್ತಿರ ನಾನೇ ಮಾತಾಡುತ್ತೇನೆ. ಮುಂದಿನ ವರ್ಷದ ಫೀಸು ಎಷ್ಟು ಅಂತ ಬರೆದು ಕಳಿಸು, ಅದು ನನಗಿರಲಿ.

ನಿನ್ನ
ದೊಡ್ಡಪ್ಪ