ಗಾಲಿಕುರ್ಚಿ ಬೇಡ, ಈ ಸಲ ಗಾಡಿಯ ಬಾಡಿಗೆಗೆ ಹಣ ಕೊಡಿ

ನಮಸ್ಕಾರ. ಸುತ್ತಿಬಳಸದೆ ಕೇಳಿಬಿಡುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಒಂದು ಗುಂಪನ್ನು ನಮ್ಮ ಚಿಕ್ಕ ಟ್ರಸ್ಟ್ ನಡೆಸುತ್ತಿದೆ. ಅದು ನಿಲ್ಲದೆ ನಡೆಯಲು ಹಣ ಬೇಕು. ಗಾಲಿಕುರ್ಚಿ ಕೊಳ್ಳುವುದಕ್ಕಲ್ಲ. ಜನರನ್ನು ಮನೆಯಿಂದ ಕರೆತರುವ ಗಾಡಿಯ ಬಾಡಿಗೆಗೆ, ಗುಂಪು ನಡೆಸುವ ಕಾರ್ಯಕರ್ತೆಯ ಸಂಬಳಕ್ಕೆ, ಶಿಬಿರದ ಊಟಕ್ಕೆ, ಮೂತ್ರ ತೆಗೆಯುವ ನಳಿಕೆಗೆ ಅಂದರೆ ಕ್ಯಾತಿಟರ್‌ಗೆ. ಕೇಳೋದಕ್ಕೆ ಸಪ್ಪೆ ಅನ್ನಿಸುತ್ತೆ, ಗೊತ್ತು. ನಿಂತು ಫೋಟೊ ತೆಗೆಸಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. ಆದರೂ ಇದಕ್ಕೇ ಯಾಕೆ ಕೇಳುತ್ತಿದ್ದೇವೆ ಅಂತ ಹೇಳುತ್ತೇವೆ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಕಡೆ ಬೆನ್ನುಮೂಳೆ ಮುರಿಯಲು ರಸ್ತೆ ಅಪಘಾತವೇ ಆಗಬೇಕೆಂದಿಲ್ಲ. ಅಡಿಕೆ ಮರ ಸಾಕು. ಮಳೆಗಾಲ ಬಂತೆಂದರೆ ಕೊಳೆರೋಗ ಬರದ ಹಾಗೆ ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ಔಷಧಿ ಹೊಡೆಯಬೇಕು. ಅದೂ ಒಂದು ಸಲಕ್ಕೆ ಮುಗಿಯಲ್ಲ. ಮಳೆ ಹಿಡಿದರೆ ಎರಡನೇ ಸಲ, ಮೂರನೇ ಸಲ. ಆ ಹೊತ್ತಿಗೆ ಮರ ಪಾಚಿಗಟ್ಟಿ ಜಾರುತ್ತಿರುತ್ತದೆ. ಆಮೇಲೆ ಚಳಿಗಾಲದಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು. ಅದನ್ನು ಕೊಯ್ಯುವ ಕೊನೆಗೌಡರು ಪ್ರತಿ ಮರವನ್ನೂ ಇಳಿದು ಹತ್ತುತ್ತಾ ಕೂರುವುದಿಲ್ಲ, ತುದಿಯಲ್ಲೇ ಮರವನ್ನು ತೂಗಿಸಿ ಪಕ್ಕದ ಮರಕ್ಕೆ ದಾಟಿಬಿಡುತ್ತಾರೆ, ನೋಡುವವರಿಗೆ ಅದೊಂದು ಚಂದ, ಆದರೆ ಕೆಳಗೆ ಬಲೆಯೂ ಇಲ್ಲ, ಸೊಂಟಕ್ಕೆ ಹಗ್ಗವೂ ಇಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದು, ನೆಲದ ಮೇಲೆ ನಿಂತೇ ಕೊಯ್ಯುವ, ಔಷಧಿ ಹೊಡೆಯುವ ತೋಟಗಳು ಜಾಸ್ತಿಯಾಗುತ್ತಿವೆ. ಒಳ್ಳೆಯದೇ ಆಯಿತು. ಆದರೆ ಎಲ್ಲ ತೋಟಕ್ಕೂ ಅದು ಬಂದಿಲ್ಲ. ಬಿದ್ದವರಲ್ಲಿ ನಮಗೆ ಸಿಕ್ಕವರು ಹೆಚ್ಚಾಗಿ ಇಡೀ ಮನೆಯನ್ನು ಸಾಕುತ್ತಿದ್ದ ಗಂಡಸರು, ಮತ್ತೊಬ್ಬರ ತೋಟದಲ್ಲಿ ಕೂಲಿಗೆ ಹೋದವರು.

ಇಲ್ಲೊಂದು ಮಾತು. ನೀವು ಒಂದು ರೂಪಾಯಿ ಕೊಡದಿದ್ದರೂ ಪರವಾಗಿಲ್ಲ, ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ಕೂರಿಸಿ ನೀರು ಕುಡಿಸಬೇಡಿ. ಜೀಪಿನ ಸೀಟಿನಲ್ಲಿ ಮಡಚಿ ಹಾಕಬೇಡಿ. ಮುರಿದ ಮೂಳೆ ಒಳಗೆ ಅಲುಗಾಡಿ ಹುರಿಯನ್ನು ಇನ್ನಷ್ಟು ಹಾಳು ಮಾಡುತ್ತದೆ. 108ಕ್ಕೆ ಫೋನ್ ಮಾಡಿ. ಕಾಯಲು ಆಗುವುದೇ ಇಲ್ಲ ಎಂದಾದರೆ ಒಂದು ಹಲಗೆಯೋ ಬಾಗಿಲೋ ತಂದು, ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವಂತೆ ನಾಲ್ಕೈದು ಜನ ಒಟ್ಟಿಗೆ ಹೊರಳಿಸಿ ಅದರ ಮೇಲೆ ಮಲಗಿಸಿ.

ಮುಂದಿನ ಕತೆ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಕೂಗುತ್ತಲೇ ಇದ್ದಾರೆ, ಅದು ನಿಮಗೂ ಗೊತ್ತು. ಹಾಗಾಗಿ ಹುಬ್ಬಳ್ಳಿಗೆ, ಮಣಿಪಾಲಕ್ಕೆ, ಮಂಗಳೂರಿಗೆ ಓಟ. ಆಪರೇಷನ್ ಆಗುತ್ತದೆ, ಮೂಳೆಗೆ ರಾಡ್ ಹಾಕುತ್ತಾರೆ. ಮೂಳೆ ಕೂಡಿಕೊಳ್ಳುತ್ತದೆ, ಆದರೆ ಪೂರ್ತಿ ಜಖಂ ಆದ ಹುರಿ ಮತ್ತೆ ಬೆಳೆಯುವುದಿಲ್ಲ. ಇದನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಫಿಸಿಯೋಥೆರಪಿ ಮಾಡಿಸಿ ಅಂತ ಚೀಟಿ ಕೊಟ್ಟು ಕಳಿಸಿರುತ್ತಾರೆ. ಮನೆಗೆ ಬಂದು ಮಂಚ ಹಿಡಿದರೆ ಅಲ್ಲಿಂದ ಶುರು. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದ ಮೇಲೆ ಒಂದೇ ಮಗ್ಗುಲಲ್ಲಿ ಮಲಗಿದ್ದು ಉರಿಯುವುದಿಲ್ಲ, ನೋಯುವುದಿಲ್ಲ. ಬಟ್ಟೆಗೆ ಅಂಟಿದ ಕೀವು ನೋಡಿದಾಗಲೇ ಹುಣ್ಣಾಗಿದೆ ಅಂತ ಗೊತ್ತಾಗುವುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕೂತಿದ್ದರೆ ಆಗಾಗ ಕೈಯೂರಿ ಪೃಷ್ಠ ಎತ್ತಬೇಕು, ದಿನಾ ಕನ್ನಡಿ ಹಿಡಿದು ಹಿಂಭಾಗದ ಚರ್ಮ ನೋಡಿಕೊಳ್ಳಬೇಕು, ಮೂತ್ರವನ್ನು ಹೊತ್ತು ಹೊತ್ತಿಗೆ ನಳಿಕೆಯಿಂದ ತೆಗೆಯಬೇಕು, ತೆಗೆಯದಿದ್ದರೆ ಸೋಂಕು, ಸೋಂಕು ಮೇಲೇರಿದರೆ ಕಿಡ್ನಿ. ಬೆನ್ನುಹುರಿ ಪೆಟ್ಟಿನವರ ಜೀವ ತೆಗೆಯುವುದು ಎಷ್ಟೋ ಸಲ ಪೆಟ್ಟಲ್ಲ, ಈ ಹುಣ್ಣು ಮತ್ತು ಮೂತ್ರದ ಸೋಂಕು.

ಹಿಂದೆ ಎಲ್ಲ ದೇಶಗಳಲ್ಲೂ ಹೀಗೇ ಇತ್ತು. ಮೊದಲನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ಬಿದ್ದ ಸೈನಿಕರಲ್ಲಿ ಹೆಚ್ಚಿನವರು ಬಹಳ ಕಾಲ ಬದುಕಲಿಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ಡಾಕ್ಟರು, ಜರ್ಮನಿಯಿಂದ ಓಡಿಬಂದಿದ್ದ ಯಹೂದಿ, ಇಂಥವರ ವಾರ್ಡು ಶುರು ಮಾಡಿದರು. ಮಗ್ಗುಲು ಬದಲಿಸುವುದನ್ನು ರಾತ್ರಿಹಗಲು ಕಡ್ಡಾಯ ಮಾಡಿದ್ದು ಒಂದು. ಇನ್ನೊಂದು, ಮಲಗಿದ್ದವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ಒಟ್ಟಿಗೆ ಕೆಲಸಕ್ಕೂ ಆಟಕ್ಕೂ ಹಚ್ಚಿದ್ದು. 1948ರಲ್ಲಿ, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, 16 ಜನರಿಂದ ಬಿಲ್ಲುಗಾರಿಕೆ ಸ್ಪರ್ಧೆ ಮಾಡಿಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದಿದ್ದು ಅಲ್ಲಿಂದ. ನಮ್ಮಲ್ಲೂ ಅಂಥವರಿದ್ದರು. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರಲ್ಲಿ ಅಪಘಾತದಲ್ಲಿ ತಾವೇ ಕಾಲಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರವೂ ಶುರುವಾಯಿತು. ತನ್ನ ಹಾಗೇ ಕೂತಿರುವ ಡಾಕ್ಟರನ್ನು ನೋಡಿದ ರೋಗಿಗೆ ಎಷ್ಟು ಧೈರ್ಯ ಬಂದಿರಬೇಕು ಯೋಚಿಸಿ.

ನಮ್ಮ ಗುಂಪಿನಲ್ಲಿ ಡಾಕ್ಟರಿಲ್ಲ. ಆದರೆ ನಡೆಯುವುದು ಅದೇ. ಎಂಟರಿಂದ ಹನ್ನೆರಡು ಜನ, ಅದಕ್ಕಿಂತ ಹೆಚ್ಚಾದರೆ ಮಾತು ಎರಡು ಮೂರು ಜನರ ಕೈಯಲ್ಲಿ ಉಳಿಯುತ್ತದೆ. ಸಮಾಜಕಾರ್ಯ ಓದಿದವರು ಇದನ್ನು ವೃಂದಗತ ಸಮಾಜಕಾರ್ಯ ಅಂತಾರೆ. ನಮ್ಮ ಜನ ಸುಮ್ನೆ ‘ಮೀಟಿಂಗು’ ಅಂತಾರೆ. ಮೊದಲ ಸಲ ಬಂದವರು ಬಾಯಿ ಬಿಡುವುದಿಲ್ಲ. ಎರಡನೇ ಸಲ ಸಿಟ್ಟು. ಯಾರ ಮೇಲೆ ಅಂತ ಇಲ್ಲ, ತೋಟದ ಯಜಮಾನರ ಮೇಲೆ, ಡಾಕ್ಟರ ಮೇಲೆ, ದೇವರ ಮೇಲೆ, ಕರೆತಂದ ನಮ್ಮ ಮೇಲೂ. ನಮ್ಮ ಕಾರ್ಯಕರ್ತೆ ಅದನ್ನು ತಡೆಯಲು ಹೋಗುವುದಿಲ್ಲ. ಇಲ್ಲಿ ಆಡಿದ್ದು ಹೊರಗೆ ಹೋಗಬಾರದು ಅನ್ನುವ ಒಂದೇ ಕಟ್ಟುನಿಟ್ಟು. ಆಮೇಲೆ ಹಳೆಯ ಸದಸ್ಯರೊಬ್ಬರು, ಮಂಚದಿಂದ ಕುರ್ಚಿಗೆ ಹಲಗೆ ಇಟ್ಟು ಜಾರುವುದನ್ನು ಮಾಡಿ ತೋರಿಸುತ್ತಾರೆ. ಫಿಸಿಯೋಥೆರಪಿಸ್ಟ್ ಹತ್ತು ಸಲ ಹೇಳಿದರೂ ‘ನನ್ನಿಂದಾಗಲ್ಲ’ ಅಂದವರು, ತನ್ನಂತೆಯೇ ಕಾಲು ಸತ್ತ ಮನುಷ್ಯ ಮಾಡಿದ್ದನ್ನು ನೋಡಿ ಕೈ ಹಾಕುತ್ತಾರೆ. ಯಾವ ಭಾಷಣದಿಂದಲೂ ಆಗದ ಕೆಲಸ ಇದು.

ಮಾತು ಬೆಳೆದ ಮೇಲೆ ನಿಜವಾದ ವಿಷಯಗಳು ಬರುತ್ತವೆ. ಮಲ ಕಟ್ಟುವುದು, ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಬಟ್ಟೆ ಒದ್ದೆಯಾಗುವ ಭಯ, ಹೆಂಡತಿಯ ಜತೆಗಿನ ಸಂಬಂಧ, ಮಕ್ಕಳು ಅಪ್ಪನನ್ನು ಕಂಡರೆ ದೂರ ಹೋಗುವುದು. ಬೇರೆ ಎಲ್ಲಿ ಕೇಳುತ್ತೀರಿ ಇದನ್ನೆಲ್ಲ? ಹೆಂಡತಿಯರಿಗೂ ತಾಯಂದಿರಿಗೂ ಪಕ್ಕದ ಕೋಣೆಯಲ್ಲಿ ಬೇರೆ ಗುಂಪು ಕೂರುತ್ತದೆ. ನಮ್ಮನ್ನು ಕೇಳಿದರೆ ಅದೇ ಹೆಚ್ಚು ಮುಖ್ಯ. ಗಂಡ ಬಿದ್ದ ದಿನದಿಂದ ಅವಳು ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಿ, ಬೆಳಗಾದರೆ ಕೂಲಿಗೂ ಹೋಗುತ್ತಿರುತ್ತಾಳೆ. ‘ನೀನು ಹೇಗಿದ್ದೀಯ’ ಅಂತ ಅವಳನ್ನು ಯಾರೂ ಕೇಳಿರುವುದಿಲ್ಲ.

ಗುಂಪು ಗಟ್ಟಿಯಾದ ಮೇಲೆ ಹೊರಗಿನ ಕೆಲಸವೂ ಆಗುತ್ತದೆ. ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇಲ್ಲದವರಿಗೆ ಇರುವವರು ದಾರಿ ಹೇಳುತ್ತಾರೆ. ಶೇ 75ಕ್ಕಿಂತ ಹೆಚ್ಚು ವೈಕಲ್ಯ ಇದ್ದವರಿಗೆ ತಿಂಗಳಿಗೆ ₹1,400 ಮಾಸಾಶನ ಇದೆ, ಅದರಲ್ಲಿ ಸಂಸಾರ ನಡೆಯಲ್ಲ, ಆದರೆ ಬಿಡುವುದೂ ಸರಿಯಲ್ಲ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು ಅಂತ ಇದೆ. ಒಬ್ಬೊಬ್ಬರೇ ಕೇಳಿದರೆ ‘ನೋಡೋಣ’ ಅಂತ ಬರುತ್ತೆ. ಒಂದು ಕಡೆ ನಮ್ಮವರು ಗುಂಪಾಗಿ, ಕುರ್ಚಿಗಳಲ್ಲಿ ಪಂಚಾಯಿತಿ ಮೆಟ್ಟಿಲ ಬುಡಕ್ಕೆ ಹೋಗಿ ಕೂತರು, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರೂ ಜತೆಗೆ ನಿಂತರು. ಒಳಗೆ ಹೋಗಲು ಆಗುತ್ತಿರಲಿಲ್ಲವಲ್ಲ, ಅಧಿಕಾರಿಗಳೇ ಹೊರಗೆ ಬಂದು ಮಾತಾಡಬೇಕಾಯಿತು. ಇಳಿಜಾರು ದಾರಿ ಮಾಡಿಸಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏನು ಹೇಳುತ್ತದೆ ಅಂತ ಓದಿಕೊಂಡು ಹೋಗಿದ್ದು ನಾವಲ್ಲ, ಗುಂಪಿನವರೇ.

ಈಗ ಗಾಲಿಕುರ್ಚಿ ವಿಷಯ. ದಾನಿಗಳು ಬಂದು ಮೊದಲು ಕೇಳುವುದೇ ‘ಎಷ್ಟು ಕುರ್ಚಿ ಬೇಕು’ ಅಂತ. ಒಳ್ಳೆಯ ಮನಸ್ಸು, ಬೇಡ ಅನ್ನಲು ನಮಗೂ ಸಂಕೋಚ. ಆದರೆ ಕುರ್ಚಿ ಸರ್ಕಾರದ ಯೋಜನೆಯಿಂದಲೂ ಬರುತ್ತದೆ, ಕ್ಲಬ್ಬುಗಳೂ ಕೊಡುತ್ತವೆ, ಎಷ್ಟೋ ಮನೆಗಳಲ್ಲಿ ಅದು ಕೊಟ್ಟಿಗೆ ಪಕ್ಕ ಒಣಹುಲ್ಲಿನ ಹೊರೆ ಹೊತ್ತುಕೊಂಡು ನಿಂತಿದೆ. ಯಾಕೆಂದರೆ ಮಲೆನಾಡಿನ ಮನೆ ಗುಡ್ಡದ ಓರೆಯಲ್ಲಿರುತ್ತದೆ. ಅಂಗಳಕ್ಕೆ ಐದಾರು ಮೆಟ್ಟಿಲು, ಅಲ್ಲಿಂದ ತೋಟದ ಕಾಲುದಾರಿ, ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. ಸಂಕದ ಮೇಲೆ ಕುರ್ಚಿ ಹೋಗುತ್ತಾ ಹೇಳಿ. ಇಬ್ಬರು ಎತ್ತಿಕೊಂಡೇ ದಾಟಿಸಬೇಕು. ಡಾಂಬರು ರಸ್ತೆ ಸಿಕ್ಕಿದ ಮೇಲೂ ಬಸ್ಸು ಹತ್ತಲು ಆಗಲ್ಲ, ಬಾಡಿಗೆ ಓಮ್ನಿಯೋ ಜೀಪೋ ಬೇಕು. ಆ ಬಾಡಿಗೆ ಕೊಡಲಾಗದೆ ಮನುಷ್ಯ ಮನೆಯಲ್ಲೇ ಉಳಿಯುತ್ತಾನೆ. ಹೊರಗೆ ಬಂದವರಲ್ಲಿ ಕೆಲವರು ಸೈಡ್ ವೀಲ್ ಸ್ಕೂಟರಿಗೆ ಅರ್ಜಿ ಹಾಕಿ ಪಡೆದರು, ಒಬ್ಬರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ, ಇನ್ನೊಬ್ಬರು ಮನೆಯಲ್ಲೇ ಚಾಲಿ ಅಡಿಕೆ ಸುಲಿಯುವುದು ಮತ್ತು ವಿಂಗಡಿಸುವ ಕೆಲಸ ಹಿಡಿದಿದ್ದಾರೆ. ಎಲ್ಲರೂ ಹಾಗಾಗಿಲ್ಲ. ಬರುವುದನ್ನೇ ನಿಲ್ಲಿಸಿದವರಿದ್ದಾರೆ, ಕುಡಿತಕ್ಕೆ ಬಿದ್ದವರಿದ್ದಾರೆ, ಹುಣ್ಣು ಕೆಟ್ಟು ತೀರಿಕೊಂಡವರೂ ಇದ್ದಾರೆ.

ಹಾಗಾದರೆ ನಮಗೆ ಬೇಕಾದ್ದು ಏನು? ಒಬ್ಬರನ್ನು ಒಂದು ಸಲ ಮನೆಯಿಂದ ಕರೆತಂದು ವಾಪಸ್ ಬಿಡಲು, ಎತ್ತುವ ಇಬ್ಬರ ಕೂಲಿಯೂ ಸೇರಿ ಹತ್ತಿರ ಹತ್ತಿರ ₹1,500 ಆಗುತ್ತದೆ, ದೂರದ ಯಲ್ಲಾಪುರ ಕಡೆಯವರಾದರೆ ಇನ್ನೂ ಜಾಸ್ತಿ. ₹500 ಕೊಟ್ಟರೂ ಅದರ ಮೂರನೇ ಒಂದು ಭಾಗ ಆಯಿತು. ಕಾರ್ಯಕರ್ತೆಯ ಸಂಬಳಕ್ಕೆ ತಿಂಗಳಿಗೆ ಇಷ್ಟು ಅಂತ ಒಂದು ವರ್ಷ ಕೊಡುವವರು ಸಿಕ್ಕರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಕಾಲೇಜಿನಿಂದ ಸಮಾಜಕಾರ್ಯ ಓದುವ ಎಂಎಸ್‌ಡಬ್ಲ್ಯೂ ಮಕ್ಕಳು ಕ್ಷೇತ್ರಕಾರ್ಯಕ್ಕೆ ಬರುತ್ತಾರೆ, ಚೆನ್ನಾಗಿ ಕೆಲಸ ಮಾಡುತ್ತಾರೆ, ಸೆಮಿಸ್ಟರ್ ಮುಗಿದ ಕೂಡಲೇ ಹೋಗುತ್ತಾರೆ. ಅವರ ತಪ್ಪಲ್ಲ. ಆದರೆ ಮನಸ್ಸು ಬಿಚ್ಚಿ ಮಾತಾಡಿದ ಜನಕ್ಕೆ ಪ್ರತಿ ಸಲ ಹೊಸ ಮುಖ ಆಗುವುದಿಲ್ಲ. ವಸ್ತುವೇ ಕೊಡಬೇಕು ಅನ್ನುವವರು ಕುರ್ಚಿಯ ಮೇಲೆ ಹಾಕುವ ಗಾಳಿದಿಂಬು ಕೊಡಿ, ಅಥವಾ ಕ್ಯಾತಿಟರ್ ಪೆಟ್ಟಿಗೆ ಕೊಡಿ. ಅಳತೆ ನಮ್ಮನ್ನು ಕೇಳಿ ಕೊಳ್ಳಿ. ಹಳೆ ಬಟ್ಟೆ ದಯವಿಟ್ಟು ಬೇಡ.

ಲೆಕ್ಕದ ವಿಷಯ. ತೆರಿಗೆ ವಿನಾಯಿತಿಗೆ ಬೇಕಾದ ರಸೀದಿ, ಆಮೇಲೆ ದಾನದ ಪ್ರಮಾಣಪತ್ರ ಎರಡೂ ಕೊಡುತ್ತೇವೆ. ನಗದು ₹2,000ಕ್ಕಿಂತ ಹೆಚ್ಚಾದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕಿಗೇ ಹಾಕಿ. ಹೊಸ ತೆರಿಗೆ ಪದ್ಧತಿ ಆಯ್ಕೆ ಮಾಡಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ, ಆಮೇಲೆ ನಮ್ಮನ್ನು ಬೈಯಬೇಡಿ. ಹೊರದೇಶದಲ್ಲಿರುವ ಊರಿನವರು ಕೇಳುತ್ತಿರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಸ್ವಂತ ಉಳಿತಾಯದ ಹಣ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣ ತೆಗೆದುಕೊಳ್ಳಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು, ನಮಗೆ ಅದಿಲ್ಲ, ಹಾಗಾಗಿ ಒಸಿಐ ಕಾರ್ಡಿನವರು ಕಳಿಸಬೇಡಿ. ನೀವು ಊರಿಗೆ ಬಂದಾಗ ಒಂದು ದಿನ ಗುಂಪಿನವರ ಜತೆ ಊಟಕ್ಕೆ ಕೂತು ಹೋಗಿ.

ಹಣ ಟ್ರಸ್ಟಿನ ಖಾತೆಗೆ ಮಾತ್ರ, ಯಾರ ಸ್ವಂತ ನಂಬರಿಗೂ ಫೋನ್‌ಪೇ ಮಾಡಬೇಡಿ. ವಿವರ ಬೇಕಾದವರು ಸಂದೇಶ ಹಾಕಿ, ಕಳಿಸುತ್ತೇವೆ. ಮೂರು ತಿಂಗಳಿಗೊಮ್ಮೆ ಖರ್ಚಿನ ಪಟ್ಟಿ ಬರುತ್ತದೆ, ಗಾಡಿ ಬಾಡಿಗೆಯ ಚೀಟಿ ಸಮೇತ. ಸದಸ್ಯರ ಫೋಟೊ ಕಳಿಸುವುದಿಲ್ಲ, ಅದು ಗುಂಪಿನವರೇ ಮಾಡಿಕೊಂಡ ತೀರ್ಮಾನ. ಮುಂದಿನ ಶಿಬಿರ ಮಳೆಗಾಲಕ್ಕೆ ಮೊದಲೇ ಮುಗಿಸಬೇಕು, ಹಳ್ಳ ತುಂಬಿದರೆ ಎತ್ತಿಕೊಂಡು ದಾಟಿಸುವುದೂ ಆಗಲ್ಲ. ಹಾಗಾಗಿ ಕೊಡುವ ಮನಸ್ಸಿದ್ದವರು ಏಪ್ರಿಲ್ ಒಳಗೆ ಕೊಟ್ಟರೆ ಗಾಡಿಯವರಿಗೆ ಮುಂಗಡ ಹೇಳಿಡುತ್ತೇವೆ.