ಐಎನ್‌ಎಸ್ ಮೈಸೂರಿನ ಮೊದಲ ಜನ್ಮ

ಮಾನ್ಯ ಸಂಪಾದಕರಿಗೆ,

ನೌಕಾಪಡೆ ದಿನದ ಅಂಗವಾಗಿ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಐಎನ್‌ಎಸ್ ಮೈಸೂರು ಯುದ್ಧನೌಕೆಯನ್ನು ನೆನೆದದ್ದು ಸಂತೋಷದ ಸಂಗತಿ. ಆದರೆ ಅದರ ಚರಿತ್ರೆಯನ್ನು 1957ರಿಂದ ಆರಂಭಿಸಿದ್ದರಿಂದ ಆ ಹಡಗು ಕಂಡ ಅತಿ ಕಠಿಣ ವರ್ಷಗಳೇ ಬಿಟ್ಟುಹೋಗಿವೆ. ಅದು ಮೈಸೂರು ಎಂಬ ಹೆಸರು ಪಡೆಯುವ ಮುನ್ನ ಬ್ರಿಟನ್ನಿನ ನೌಕಾಪಡೆಯಲ್ಲಿ 'ನೈಜೀರಿಯಾ' ಎಂಬ ಲಘು ಕ್ರೂಸರ್ ಆಗಿತ್ತು. ನ್ಯೂಕ್ಯಾಸಲ್‌ನ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಲ್ಲಿ ಕಟ್ಟಲ್ಪಟ್ಟು, 1939ರ ಜುಲೈನಲ್ಲಿ ನೀರಿಗಿಳಿದು, ಮರುವರ್ಷದ ಸೆಪ್ಟೆಂಬರ್‌ನಲ್ಲಿ ಆರು ಇಂಚಿನ ಹನ್ನೆರಡು ಫಿರಂಗಿಗಳೊಡನೆ ಸೇವೆಗೆ ಸೇರಿತು.

ಎರಡನೇ ಮಹಾಯುದ್ಧದ ನಡುವೆ, 1941ರ ಜೂನ್ 28ರಂದು ಆರ್ಕ್ಟಿಕ್ ಕಡಲಿನ ಜಾನ್ ಮಾಯೆನ್ ದ್ವೀಪದ ಈಶಾನ್ಯಕ್ಕೆ, ಮೂರು ವಿಧ್ವಂಸಕ ನೌಕೆಗಳೊಂದಿಗೆ ಇದು 'ಲಾವೆನ್‌ಬುರ್ಗ್' ಎಂಬ ಜರ್ಮನ್ ಹವಾಮಾನ ನೌಕೆಯನ್ನು ಹಿಡಿಯಿತು. ಅದನ್ನು ಮುಳುಗಿಸುವುದು ಕಷ್ಟದ ಮಾತಾಗಿರಲಿಲ್ಲ. ಆದರೆ ಬೇಕಾಗಿದ್ದುದು ಅದರೊಳಗಿನ ಕಾಗದಪತ್ರಗಳು. ಜರ್ಮನ್ನರ ಎನಿಗ್ಮಾ ಸಂಕೇತಯಂತ್ರದ ಜುಲೈ ತಿಂಗಳ ಕೀಲಿಗಳು ಹೀಗೆ ಕೈಸೇರಿದ್ದರಿಂದ ಬ್ರಿಟನ್ನಿನ ಗುಪ್ತಸಂಕೇತ ಬಿಡಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕಿನವರಿಗೆ ಜರ್ಮನ್ ನೌಕಾಪಡೆಯ ಸಂದೇಶಗಳನ್ನು ಬೇಗನೆ ಓದಲು ಸಾಧ್ಯವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಾರ್ವೆಯ ಉತ್ತರದ ತುದಿಯಲ್ಲಿ 'ಅರೋರಾ' ಕ್ರೂಸರಿನೊಂದಿಗೆ ಸೇರಿ 'ಬ್ರೆಮ್ಸೆ' ಎಂಬ ಜರ್ಮನ್ ನೌಕೆಯನ್ನು ಮುಳುಗಿಸಿತು. ಆ ಕಾಳಗದಲ್ಲಿ ನೈಜೀರಿಯಾದ ಮೂತಿಗೂ ಭಾರಿ ಜಖಂ ಆಯಿತು.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು 1942ರ ಆಗಸ್ಟ್ 12ರ ಸಂಜೆಯ ಸಂಗತಿಯನ್ನು. ಜರ್ಮನಿ, ಇಟಲಿಗಳ ಮುತ್ತಿಗೆಗೆ ಸಿಕ್ಕಿ ಆಹಾರ, ಇಂಧನಗಳಿಲ್ಲದೆ ಸೊರಗುತ್ತಿದ್ದ ಮಾಲ್ಟಾ ದ್ವೀಪಕ್ಕೆ ಹೊರಟಿದ್ದ ಹದಿನಾಲ್ಕು ಸರಕುಹಡಗುಗಳಿಗೆ ಕೊನೆಯವರೆಗೂ ಜೊತೆಗಿರಬೇಕಾದ ಬೆಂಗಾವಲು ಪಡೆಯ ಮುಖ್ಯಸ್ಥ ರಿಯರ್ ಅಡ್ಮಿರಲ್ ಹೆರಾಲ್ಡ್ ಬರೋ ಈ ಹಡಗಿನಲ್ಲಿದ್ದರು. ಇಟಲಿಯ 'ಅಕ್ಸುಮ್' ಜಲಾಂತರ್ಗಾಮಿ ಒಮ್ಮೆಗೇ ಬಿಟ್ಟ ನಾಲ್ಕು ಟಾರ್ಪೆಡೊಗಳು ನೈಜೀರಿಯಾ, ಇನ್ನೊಂದು ಕ್ರೂಸರ್ 'ಕೈರೋ' ಮತ್ತು ತೈಲಹಡಗು 'ಒಹಾಯೊ' ಮೂರಕ್ಕೂ ಬಡಿದವು. ಮಾಲ್ಟಾದಿಂದ ಬರುವ ಯುದ್ಧವಿಮಾನಗಳಿಗೆ ರೇಡಿಯೊದಲ್ಲಿ ದಾರಿ ತೋರಿಸಬಲ್ಲ ಹಡಗುಗಳೆಂದರೆ ನೈಜೀರಿಯಾ ಮತ್ತು ಕೈರೋ ಎರಡೇ ಆಗಿದ್ದವು. ಎರಡೂ ಒಂದೇ ಏಟಿಗೆ ಕೈತಪ್ಪಿದ್ದರಿಂದ ಉಳಿದ ಹಡಗುಗಳ ಮೇಲಿನ ರಕ್ಷಣೆ ಅಲ್ಲಿಗೇ ಕುಸಿಯಿತು. ಕೊನೆಗೆ ಮಾಲ್ಟಾ ಮುಟ್ಟಿದ ಸರಕುಹಡಗುಗಳು ಐದೇ. ಅಡ್ಮಿರಲ್ ಬೇರೊಂದು ನೌಕೆಗೆ ಹೋಗಬೇಕಾಯಿತು. ನೈಜೀರಿಯಾ ಒಂದು ಪಕ್ಕಕ್ಕೆ ವಾಲಿಕೊಂಡೇ ಜಿಬ್ರಾಲ್ಟರ್‌ಗೆ ಮರಳಿತು. ಅದರಲ್ಲಿದ್ದ 52 ಮಂದಿ ಸತ್ತಿದ್ದರು.

ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ದುರಸ್ತಿಗೊಂಡು 1944ರಲ್ಲಿ ಹಿಂದೂ ಮಹಾಸಾಗರಕ್ಕೆ ಬಂದ ಈ ಹಡಗು, ಜಪಾನೀಯರ ವಶದಲ್ಲಿದ್ದ ಸುಮಾತ್ರಾದ ಸಬಾಂಗ್ ಬಂದರಿನ ಮೇಲೆ ನಡೆದ ದಾಳಿಗಳಲ್ಲಿ ಪಾಲ್ಗೊಂಡಿತು. 1954ರಲ್ಲಿ ಭಾರತ ಅದನ್ನು ಕೊಂಡು, ಬರ್ಕೆನ್‌ಹೆಡ್‌ನಲ್ಲಿ ಹೊಸದಾಗಿ ಸಜ್ಜುಗೊಳಿಸಿ, 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂದು ಸೇವೆಗೆ ಸೇರಿಸಿಕೊಂಡಿತು. ನಮ್ಮ ರಾಜ್ಯಕ್ಕೂ ಆಗ ಅದೇ ಹೆಸರು. ಅದರ ಮೊದಲ ಕ್ಯಾಪ್ಟನ್ ಆಗಿದ್ದ ಎಸ್.ಎಂ. ನಂದಾ ಮುಂದೆ ನೌಕಾಪಡೆಯ ಮುಖ್ಯಸ್ಥರಾದರು. 1971ರ ಯುದ್ಧದಲ್ಲಿ ಇದು ಪಶ್ಚಿಮ ನೌಕಾಬಳಗದ ಧ್ವಜನೌಕೆ, ಅಂದರೆ ಬಳಗದ ಅಧಿಪತಿಯಿರುವ ಹಡಗು, ಆಗಿತ್ತು.

ಈ ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದ ನನ್ನ ಸೋದರಮಾವ, ಬಂಗಾರದ ಬಣ್ಣದಲ್ಲಿ ಹಡಗಿನ ಹೆಸರಿದ್ದ ಟೋಪಿಯ ಕಪ್ಪು ಪಟ್ಟಿಯನ್ನು ಮಡಿ ಪಂಚೆಯೊಳಗೆ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದರು. ನಾವು ಮಕ್ಕಳು ಅದನ್ನು ಮುಟ್ಟಲು ಹೋದರೆ, ಮೊದಲು ಕೈ ತೊಳೆದು ಬನ್ನಿ ಎನ್ನುತ್ತಿದ್ದರು. ತಮಗಿಂತ ಮೊದಲು ಆ ಹಡಗಿನಲ್ಲಿ ಸತ್ತವರನ್ನು ಅವರು ಪರದೇಶದವರೆಂದು ಎಣಿಸಿದವರಲ್ಲ, ಒಂದೇ ಹಡಗಿನ ಜನ ಎನ್ನುತ್ತಿದ್ದರು. ಅವರ ಈ ಮಾತು ನನಗೂ ಸರಿಯೆಂದೇ ತೋರುತ್ತದೆ.

1985ರಲ್ಲಿ ನಿವೃತ್ತವಾದ ಈ ಕ್ರೂಸರ್ ಬೇರೆ, 1999ರಲ್ಲಿ ಸೇವೆಗೆ ಸೇರಿದ, ಮುಂಬಯಿಯಲ್ಲಿ ಕಟ್ಟಿದ ಇಂದಿನ ಮೈಸೂರು ವಿಧ್ವಂಸಕ ನೌಕೆ ಬೇರೆ. ಎರಡೂ ಒಂದೇ ಎಂಬಂತೆ ಬರೆಯುವುದನ್ನು ದಯವಿಟ್ಟು ತಪ್ಪಿಸಬೇಕು. ಆದರೂ ಹೊಸ ನೌಕೆಯ ಪಕ್ಕೆಯ ಮೇಲಿರುವ 60ರ ಅಂಕಿ ನೈಜೀರಿಯಾದ ಕಾಲದಿಂದ ಬಂದದ್ದು. ಮುಂದಿನ ಬಾರಿ ಈ ಹಡಗಿನ ಕುರಿತು ಬರೆಯುವಾಗ, ಆಗಸ್ಟ್ 12ರ ಆ 52 ಮಂದಿಯ ಬಗ್ಗೆ ಒಂದು ಸಾಲನ್ನಾದರೂ ಸೇರಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ, ಮಂಗಳೂರು