ಆ ಅಂಗಡಿಯಲ್ಲಿ ನಾನು ಸುಮ್ಮನಾಗಿದ್ದು ಯಾಕೆಂದರೆ

ಶಿಡ್ಲಘಟ್ಟ
ಭಾನುವಾರ

ಪುಟ್ಟಿ,

ನಾವಿಬ್ಬರೂ ಕ್ಷೇಮವಾಗಿ ಊರು ಸೇರಿದೆವು. ನಿಮ್ಮಮ್ಮ ಹಾಂಕಾಂಗಿನಿಂದ ತಂದದ್ದನ್ನೆಲ್ಲ ನಡುಮನೆಯ ಮಂಚದ ಮೇಲೆ ಹರವಿಕೊಂಡು, ಬಂದವರಿಗೆಲ್ಲ ಒಂದೊಂದಾಗಿ ತೋರಿಸುತ್ತಿದ್ದಾಳೆ. ಕೆಂಪು ಬಾಚಣಿಗೆ, ಕನ್ನಡಿ, ಕತ್ತರಿ, ಅಳತೆಕೋಲು. ಮದುವೆ ಸಾಮಾನಿನಲ್ಲಿ ಅಳತೆಕೋಲು ಯಾಕೆ ಎಂದು ಎದುರುಮನೆ ಅಜ್ಜಿ ಕೇಳಿದರು. "ಅಳೆದಷ್ಟೂ ಮುಗಿಯದ ಹೊಲ ಇರಲಿ ಅಂತ" ಎಂದು ನಿಮ್ಮಮ್ಮ ಹಾಂಕಾಂಗಿನ ಬೀಗಿತ್ತಿಯವರಿಂದ ಕಲಿತದ್ದನ್ನು ಒಪ್ಪಿಸಿದಳು. ಅಜ್ಜಿಗೆ ಬಹಳ ಹಿಡಿಸಿತು.

ಆದರೆ ನಾನು ಬರೆಯಲು ಕೂತಿರುವ ವಿಷಯ ಬೇರೆ. ಆ ಗುರುವಾರ ಹಾಂಕಾಂಗಿನ ಜೋರ್ಡನ್ ಸ್ಟೇಷನ್ ಹತ್ತಿರದ ಮದುವೆ ಬಟ್ಟೆಯ ಅಂಗಡಿಯಲ್ಲಿ ನಾನು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಟ್ಟೆ. ರಾತ್ರಿ ನೀನು ಬಂದು ಪಕ್ಕದಲ್ಲಿ ಕೂತು, "ಅಪ್ಪ, ರೇಟು ಜಾಸ್ತಿ ಅನ್ನಿಸ್ತಾ? ಇಲ್ಲಾ ನಿಂಗೆ ಈ ಮದುವೇನೇ ಮನಸ್ಸಿಗಿಲ್ವಾ?" ಎಂದು ಕೇಳಿದೆ. ಕಾಲುನೋವು ಎಂದೆ. ಅದು ಸುಳ್ಳು ಮಗಳೇ. ರೇಟಿನ ಮಾತೂ ಅಲ್ಲ, ಮದುವೆಯ ಮಾತೂ ಅಲ್ಲ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗಲಿಲ್ಲ, ಅದಕ್ಕೇ ಈ ಕಾಗದ.

ಅಂಗಡಿಯಾಕೆ ಮೊದಲು ಬಿಚ್ಚಿ ತೋರಿಸಿದ್ದು ನಿನಗೆ ನೆನಪಿದೆಯಲ್ಲ, ಅವರ ಮದುಮಗಳ ಉಡುಪಿನಲ್ಲಿ ಅತಿ ಮೇಲಿನ ದರ್ಜೆಯದ್ದು. ಕ್ವನ್ ಎಂದರೆ ಲಂಗ, ಕ್ವಾ ಎಂದರೆ ಮುಂದೆ ಗುಂಡಿ ಹಾಕುವ ಮೇಲಂಗಿ ಎಂದು ನೀನು ಬಿಡಿಸಿ ಹೇಳಿದೆ. ಕೆಂಪು ರೇಷ್ಮೆಯ ಮೇಲೆ ಚಿನ್ನದ ಎಳೆ, ಬೆಳ್ಳಿಯ ಎಳೆ. ಒಂದು ಕಡೆ ಡ್ರ್ಯಾಗನ್, ಇನ್ನೊಂದು ಕಡೆ ಫೀನಿಕ್ಸ್ ಹಕ್ಕಿ, ಕೆಳಗೆ ಅಂಚಿನಲ್ಲಿ ಸಮುದ್ರದ ಅಲೆ. ಕಸೂತಿ ಎಷ್ಟು ದಟ್ಟವಾಗಿದೆಯೋ ಅಷ್ಟು ಮೇಲಿನ ದರ್ಜೆ: ಚಿಕ್ಕ ಐದು ಭಾಗ್ಯ, ನಡು ಐದು ಭಾಗ್ಯ, ದೊಡ್ಡ ಐದು ಭಾಗ್ಯ, ಅದರ ಮೇಲೆ ಕ್ವಾ ರಾಣಿ, ಎಲ್ಲಕ್ಕಿಂತ ಮೇಲೆ ಕ್ವಾ ಚಕ್ರವರ್ತಿ. ಭಾಗ್ಯಕ್ಕೂ ಬಾವಲಿಗೂ ಅವರಲ್ಲಿ ಒಂದೇ ಸದ್ದು, ಫುಕ್, ಆದ್ದರಿಂದ ಬಾವಲಿ ಅವರಿಗೆ ಶುಭ ಎಂದು ಅಳಿಯಂದಿರು ಹೇಳಿದರು. ನಮ್ಮಲ್ಲಿ ಮನೆಯೊಳಗೆ ಬಾವಲಿ ಹೊಕ್ಕರೆ ಶಾಂತಿ ಮಾಡಿಸುತ್ತಾರೆ. ನಿಮ್ಮಮ್ಮ ಬೆದರಿದ್ದು ಅದಕ್ಕೆ.

ಚಕ್ರವರ್ತಿ ದರ್ಜೆಯಲ್ಲಿ ಒಂದು ಚೂರೂ ಬಟ್ಟೆ ಕಾಣುವುದಿಲ್ಲ. ಇಡೀ ಮೈಗೆ ಚಿನ್ನ ಬಡಿದಂತೆ. ಎಲ್ಲರೂ ಅದನ್ನು ನೋಡಿ ಉಸಿರು ಬಿಗಿಹಿಡಿದರು. ನನಗೆ ಮಾತ್ರ ಒಳಗೆ ಏನೋ ಚುರುಕ್ ಎಂದಿತು. ಅಷ್ಟು ಒಳ್ಳೆಯ ರೇಷ್ಮೆಯನ್ನು ಹೀಗೆ ಮುಚ್ಚಿಬಿಟ್ಟರಲ್ಲ ಅನ್ನಿಸಿತು. ಅದಕ್ಕೇ ಅದನ್ನು ಮಗುಚಿ ಒಳಮೈ ನೋಡಿದೆ, ಬೆರಳಲ್ಲಿ ಹೊಸೆದೆ. ಅಂಗಡಿಯಾಕೆ ಗಾಬರಿಯಾದಳು. ನನ್ನ ಕೈಗೆ ತಿಳಿದದ್ದು ಅಲ್ಲಿ ಇನ್ಯಾರಿಗೂ ತಿಳಿಯುವಂಥದ್ದಲ್ಲ. ಎಳೆಯಲ್ಲಿ ಎಲ್ಲೂ ಗಂಟಿಲ್ಲ, ದಪ್ಪ ಸಣ್ಣ ಇಲ್ಲ, ಹಾಸೂ ಹೊಕ್ಕೂ ಒಂದೇ ಸಮ. ನಲವತ್ತು ವರ್ಷ ಯಾವ ನೂಲಿನ ಹೆಸರು ಹೇಳಿದರೆ ನನ್ನ ಮೈ ಉರಿಯುತ್ತಿತ್ತೋ ಅದೇ ನೂಲು. ಚೀನಾ ರೇಷ್ಮೆ. ಅದನ್ನು ನನ್ನ ಮಗಳ ಮದುವೆಗೆಂದು ಕೈಯಲ್ಲಿ ಹಿಡಿದು ನಿಂತಿದ್ದೆ. ಮಾತು ನಿಂತದ್ದು ಆಗ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಈಗ ಹೇಳುತ್ತೇನೆ. 2011ರಲ್ಲಿ ನೀನು ಮೊದಲ ಪಿಯುಸಿ. ಆ ವರ್ಷದ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡಾ 30ರಿಂದ 5ಕ್ಕೆ ಇಳಿಯಿತು. ಚೀನಾ ನೂಲು ಹರಿದು ಬಂತು. ರೈತನ ಗೂಡಿನ ಬೆಲೆ ಕುಸಿಯಿತು ಎಂದು ಪೇಪರಿನವರು ಬರೆದರು, ರಾಮನಗರದಲ್ಲಿ ರಸ್ತೆ ತಡೆದರು. ಗೂಡಿನಿಂದ ನೂಲು ತೆಗೆಯುವ ನಮ್ಮಂಥ ರೀಲರುಗಳ ಕಥೆ ಅಷ್ಟು ಕಾಣಲಿಲ್ಲ. ಹರಾಜಿನಲ್ಲಿ ಬೆಳಿಗ್ಗೆ ಒಂದು ಬೆಲೆಗೆ ಗೂಡು ಕೂಗಿ ತಂದು, ಬೇಯಿಸಿ, ನೂಲು ತೆಗೆದು, ಲಡಿ ಕಟ್ಟಿ ಒಯ್ಯುವಷ್ಟರಲ್ಲಿ ನೂಲಿನ ಬೆಲೆ ಗೂಡಿಗೆ ಕೊಟ್ಟ ದುಡ್ಡಿಗೂ ಸಾಲದೆ ಹೋಗುತ್ತಿತ್ತು. ಮಾರಿದರೆ ನಷ್ಟ, ಇಟ್ಟುಕೊಂಡರೆ ಸಾಲದ ಬಡ್ಡಿ. ಗೂಡಿನ ನೂಲು ಬಿಚ್ಚುವ ಬಿಸಿನೀರಿನ ಆರು ಬೇಸಿನ್‌ಗಳಲ್ಲಿ ನಾಲ್ಕು ನಿಲ್ಲಿಸಿದೆ. ಇಪ್ಪತ್ತು ವರ್ಷ ನಮ್ಮಲ್ಲಿ ನೂಲು ಬಿಚ್ಚಿದ ಹೆಂಗಸರಿಗೆ ನಾಳೆಯಿಂದ ಬರಬೇಡಿ ಎಂದು ಹೇಳಿದ್ದು ಈ ಬಾಯಿ.

ನಿಮ್ಮಮ್ಮನ ನಾಲ್ಕು ಬಳೆ ಹಳೇ ಮಾದರಿ ಆಯಿತು, ಕರಗಿಸಿ ಎರಡು ಗಟ್ಟಿ ಬಳೆ ಮಾಡಿಸಿದೆವು ಎಂದು ನಿನಗೆ ಹೇಳಿದ್ದೆವು. ಕರಗಿಸಲಿಲ್ಲ. ನಾಲ್ಕನ್ನೂ ಅಡವಿಟ್ಟು ನಿನ್ನ ಕಾಲೇಜಿಗೂ ಹಾಸ್ಟೆಲ್ಲಿಗೂ ಕಟ್ಟಿದೆವು. ಎರಡನ್ನು ಬಿಡಿಸಿಕೊಂಡೆವು, ಇನ್ನೆರಡು ಹರಾಜಾದವು. ಅವಳು ಈ ಹದಿನೈದು ವರ್ಷದಲ್ಲಿ ಒಂದು ದಿನವೂ ಆ ಮಾತು ಎತ್ತಿಲ್ಲ.

ಈಗ ಚಿನ್ನದ ಅಂಗಡಿಯ ಸಂಗತಿ. ನೀನು ಆಫೀಸಿಗೆ ಹೋಗಿದ್ದ ದಿನ ಬೀಗಿತ್ತಿಯವರು ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ನಿನಗೆ ಕೊಡಬೇಕೆಂದಿರುವ ಡ್ರ್ಯಾಗನ್‌-ಫೀನಿಕ್ಸ್ ಬಳೆಯ ಜೋಡಿ ನೋಡಲು. ಬಾಗಿಲಲ್ಲೇ ಆ ದಿನದ ಬೆಲೆಯ ಫಲಕ, ಒಂದು ಟೇಲ್‌ಗೆ ಇಷ್ಟು ಎಂದು. ಟೇಲ್ ಎಂದರೆ 37.4 ಗ್ರಾಂ ಚಿಲ್ಲರೆ, ನಮ್ಮ ತೊಲದ ಮೂರು ಪಟ್ಟಿಗೂ ಹೆಚ್ಚು. ಅವರದ್ದು ನಮ್ಮ 916 ಅಲ್ಲ, 999, ಬಹುತೇಕ ಅಪರಂಜಿ. ಮೆತ್ತಗಿರುತ್ತದೆ, ಹರಳು ಕೂರುವುದಿಲ್ಲ, ದಿನಾ ಹಾಕಿದರೆ ನೆಗ್ಗುತ್ತದೆ. ಮದುವೆಯ ದಿನ ಕೈತುಂಬ ಹಾಕಿ ಆಮೇಲೆ ಎತ್ತಿಡುವ ಚಿನ್ನ ಅದು, ಕಷ್ಟಕಾಲಕ್ಕೆ ಇರಲಿ ಎಂದು ಹೆಣ್ಣಿಗೆ ಕೊಡುವುದು. ಅದೊಂದು ಮಾತಿಗೆ ಅಳಿಯಂದಿರು ಅನುವಾದ ಮಾಡಬೇಕಾಗಲಿಲ್ಲ.

ನಿನ್ನ ಕೈಯಳತೆ ನೋಡಲು ಬೀಗಿತ್ತಿಯವರು ಆ ಬಳೆಗಳನ್ನು ನಿಮ್ಮಮ್ಮನ ಕೈಗೆ ತೊಡಿಸಿದರು. ನಿಮ್ಮಮ್ಮ ತನ್ನ ಎರಡು ಬಳೆಯ ಪಕ್ಕದಲ್ಲಿ ಆ ಎರಡನ್ನು ನೋಡಿದಳು. ನಾಲ್ಕಾಯಿತು. ಅವಳು ಕಣ್ಣು ಒರೆಸಿಕೊಂಡದ್ದನ್ನು ಬೀಗಿತ್ತಿಯವರು ಮಗಳನ್ನು ಕಳಿಸಿಕೊಡುವ ತಾಯಿಯ ಸಂಕಟ ಅಂದುಕೊಂಡು ಕೈ ಹಿಡಿದುಕೊಂಡರು. ಅದೂ ನಿಜವೇ. ನನಗೆ ಇನ್ನೊಂದೂ ಗೊತ್ತಿತ್ತು.

ಮತ್ತೆ ಬಟ್ಟೆ ಅಂಗಡಿಗೆ ಬರುತ್ತೇನೆ. ನಾನು ಒಳಮೈ ಮಗುಚಿದಾಗ ಬೀಗಿತ್ತಿಯವರು ಹತ್ತಿರ ಬಂದು ತಾವೂ ಬಗ್ಗಿ ಹೊಲಿಗೆ ನೋಡಿದರಲ್ಲ, ಅವರು ಹೇಳಿದ್ದನ್ನು ನೀನು ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಅಂಗಡಿಯಾಕೆಯ ಜೊತೆ ಮಾತಾಡುತ್ತಿದ್ದೆ. ಹದಿನೈದನೇ ವಯಸ್ಸಿಗೆ ಕ್ವುನ್ ಟಾಂಗ್‌ನ ಗಾರ್ಮೆಂಟ್ ಫ್ಯಾಕ್ಟರಿಗೆ ಸೇರಿದವರಂತೆ ಅವರು. ಬಟ್ಟೆಯ ಮುಖ ಯಾರು ಬೇಕಾದರೂ ಚೆನ್ನಾಗಿ ಮಾಡುತ್ತಾರೆ, ಬೆನ್ನು ನೋಡಬೇಕು ಎಂದರಂತೆ. ತಮ್ಮ ಮದುವೆಗೆ ಕ್ವಾ ಬಾಡಿಗೆಗೆ ತಂದಿದ್ದರು, ಸಂಜೆಗೆ ವಾಪಸು ಕೊಟ್ಟರು, ಉಳಿದಿರುವುದು ಒಂದು ಫೋಟೋ. ಅಲ್ಲಿ ಬಾಡಿಗೆಗೆ ತರುವುದೇ ರೂಢಿ, ಅದರಲ್ಲಿ ಕೊರತೆಯೇನಿಲ್ಲ. ಆದರೂ ಅವರು ಆ ಫೋಟೋದ ಮಾತು ಹೇಳುವಾಗ ಅವರ ಬೆರಳು ಬಟ್ಟೆಯ ಮೇಲೇ ಇತ್ತು.

ಆದ್ದರಿಂದ ನನ್ನ ತೀರ್ಮಾನ ಹೇಳುತ್ತೇನೆ. ಬಾಡಿಗೆ ಬೇಡ. ನಿನ್ನ ಕ್ವಾ ನಾನು ಹೊಲಿಸಿಕೊಡುತ್ತೇನೆ. ಇನ್ನೊಂದು, ಚಕ್ರವರ್ತಿ ದರ್ಜೆಯದ್ದು ಬೇಡ, ಚಿಕ್ಕ ಐದು ಭಾಗ್ಯದ್ದೇ ಸಾಕು. ದುಡ್ಡು ಉಳಿಸಲು ಹೇಳುತ್ತಿಲ್ಲ ಪುಟ್ಟಿ. ಅದರಲ್ಲಿ ಡ್ರ್ಯಾಗನ್ನಿಗೂ ಫೀನಿಕ್ಸಿಗೂ ನಡುವೆ ಕೆಂಪು ಕಾಣುತ್ತದೆ. ಹುಳು ಮೈ ಸವೆಸಿ ಕಟ್ಟಿದ ಎಳೆ, ಯಾವುದೋ ಊರಿನ ಹೆಂಗಸೊಬ್ಬಳು ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಅದರ ತುದಿ ಹುಡುಕಿ ತೆಗೆದದ್ದು. ಅದು ಕಾಣಬೇಕು. ಚೀನಾದ ಚಾವ್‌ಝೌ ಕಡೆಯ ಕಸೂತಿಯವರ ಕೈ ದೊಡ್ಡದು, ಒಪ್ಪುತ್ತೇನೆ. ಒಳಗೆ ಮೆತ್ತೆ ಕೊಟ್ಟು ಡ್ರ್ಯಾಗನ್ನಿನ ಹುರುಪೆಗಳನ್ನು ಉಬ್ಬಿಸುವುದು, ಚಿನ್ನದ ಎಳೆಯನ್ನು ಬಟ್ಟೆಯೊಳಗೆ ತೂರಿಸದೆ ಮೇಲೆ ಮಲಗಿಸಿ ಸಣ್ಣ ದಾರದಿಂದ ಹಿಡಿದು ಕೂರಿಸುವುದು, ಇದು ನಮ್ಮ ಜರ್ದೋಸಿಯವರಿಗೂ ಗೊತ್ತಿರುವ ಕೆಲಸ, ಆದರೆ ಆ ನಯ ನಾನು ನೋಡಿರಲಿಲ್ಲ. ಈ ಹೊಲಿಗೆಯ ಕಸುಬನ್ನು ಹಾಂಕಾಂಗಿನವರು 2017ರಲ್ಲಿ ತಮ್ಮ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆಂದು ನೀನೇ ಓದಿ ಹೇಳಿದೆ. ಸೇರಿಸಲೇಬೇಕಾದ್ದು. ಅಂಥ ಕೈಗೆ ಕೊಡುವ ಮರ್ಯಾದೆಯನ್ನೇ ರೇಷ್ಮೆಗೂ ಕೊಡೋಣ ಎನ್ನುತ್ತೇನೆ, ಅಷ್ಟೆ. ಬೀಗರು ತಪ್ಪು ತಿಳಿದಾರೆಂದು ಹೆದರಬೇಡ. ಬೆನ್ನು ನೋಡಿ ಬಟ್ಟೆ ಕೊಳ್ಳುವವರು ಅವರು.

ಬಣ್ಣದ ವಿಷಯಕ್ಕೆ ನಿಮ್ಮಮ್ಮ ನೊಂದುಕೊಂಡಿದ್ದಳು, ಈಗ ಸರಿಹೋಗಿದ್ದಾಳೆ. ಕೆಂಪಂಚಿನ ಬಿಳಿ ಧಾರೆ ಸೀರೆ ಅವಳಿಗೆ ಮಂಗಳದ ಪರಮಾವಧಿ. ಅವರಿಗೆ ಬಿಳಿ ಎಂದರೆ ಸೂತಕ. ಚಿಕ್ಕಬಳ್ಳಾಪುರದಲ್ಲಿ ಧಾರೆ ಎರೆಯುವಾಗ ನೀನು ಬಿಳಿ ಸೀರೆಯನ್ನೇ ಉಡು. ಅವರೆಲ್ಲ ಬರುತ್ತಾರೆ, ನೋಡುತ್ತಾರೆ, ನಮ್ಮ ರೀತಿ ಇದು ಎಂದು ಅಳಿಯಂದಿರು ಅವರ ಅಜ್ಜಿಗೆ ಮೊದಲೇ ಹೇಳಿರಲಿ. ಹಾಂಕಾಂಗಿನಲ್ಲಿ ಹಿರಿಯರಿಗೆ ಚಹಾ ಕೊಡುವ ಶಾಸ್ತ್ರದ ದಿನ ನಿಮ್ಮಮ್ಮ ಮಾವಿನ ಹಸಿರಿನ ಮೈಸೂರು ಸಿಲ್ಕ್ ಉಡುತ್ತಾಳೆ. ಕರಿಮಣಿ ಮಾತ್ರ ತೆಗೆಯಬೇಡ. ಯಾರಾದರೂ ಕಪ್ಪು ಯಾಕೆ ಎಂದರೆ, ಹಿಂದಿನ ಕಾಲದಲ್ಲಿ ಅವರ ಕ್ವಾ ಕೂಡ ಕಪ್ಪೇ ಇತ್ತು, ಕೆಂಪು ಇದ್ದದ್ದು ಲಂಗ ಎಂದು ಅಂಗಡಿಯಾಕೆಯೇ ಹೇಳಿದಳಲ್ಲ, ಅದನ್ನು ನೆನಪಿಸು.

ಉಂಗುರದ ವಿಷಯದಲ್ಲಿ ನಾನು ಅಡ್ಡ ಮಾತಾಡಿದೆ, ಅದು ನನ್ನ ತಪ್ಪು. ಬೆಳ್ಳಗಿರುವ ಲೋಹ ನಮಗೆ ಕಾಲಿಗೆ, ಕೈಗಲ್ಲ ಎಂದು ಬಾಯಿಗೆ ಬಂದುಬಿಟ್ಟಿತು. ಉಂಗುರ ಹಾಕಿಕೊಳ್ಳುವವರು ನೀವಿಬ್ಬರು, ನಿಮಗೆ ಒಪ್ಪಿದ್ದೇ ಆಗಲಿ. ಒಂದು ಮಾತು ಮಾತ್ರ: ಬಿಳಿ ಚಿನ್ನಕ್ಕಿಂತ ಪ್ಲಾಟಿನಂ ತಗೊಳ್ಳಿ. ಬಿಳಿ ಚಿನ್ನಕ್ಕೆ ಮೇಲೆ ರೋಡಿಯಂ ಲೇಪ ಇರುತ್ತದೆ, ಸವೆದಾಗ ಮತ್ತೆ ಹಾಕಿಸಬೇಕು. ಪ್ಲಾಟಿನಂ ಒಳಗೂ ಹೊರಗೂ ಒಂದೇ. ಅಳತೆಯನ್ನು ಸಂಜೆ ಕೊಡಿ, ಚಳಿಯಲ್ಲಿ ಬೆರಳು ಸಣ್ಣಗಾಗಿರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬಂದಾಗ ಬಿಗಿಯಬಾರದು. ನನ್ನ ಮದುವೆಯ ಉಂಗುರ ನಾನು ಹಾಕಿಕೊಂಡದ್ದು ಒಂದೇ ವಾರ. ಬೇಸಿನ್ನಿನಲ್ಲಿ ಕೈ ಇಡುವವನಿಗೆ ಉಂಗುರ ಆಗದು, ಲೋಹ ಕಾಯುತ್ತದೆ, ಎಳೆ ಸಿಕ್ಕಿಕೊಳ್ಳುತ್ತದೆ. ಅದು ಈಗ ಬೀರುವಿನಲ್ಲಿದೆ. ಅದನ್ನು ಕೊಟ್ಟು ಕ್ವಾದ ಮುಂಗಡಕ್ಕೆ ಸೇರಿಸೋಣ ಎಂದಿದ್ದೆ, ನಿಮ್ಮಮ್ಮ ಬಿಡಲಿಲ್ಲ.

ಕೊನೆಯ ದಿನ ಊಟಕ್ಕೆ ಕೂತಾಗ ಬೀಗಿತ್ತಿಯವರು ಚಹಾ ಬಟ್ಟಲು ಎತ್ತಿ ಹಿಡಿದು ಒಂದು ಕಥೆ ಹೇಳಿದರು. ಲೇಯ್‌ಝು ಎಂಬ ರಾಣಿ ಮರದ ಕೆಳಗೆ ಕೂತು ಚಹಾ ಕುಡಿಯುವಾಗ ಗೂಡೊಂದು ಬಟ್ಟಲಿಗೆ ಬಿದ್ದು, ಬಿಸಿಗೆ ಎಳೆ ಬಿಚ್ಚಿಕೊಂಡ ಕಥೆ. ಅಳಿಯಂದಿರು ಅನುವಾದ ಶುರು ಮಾಡುವ ಮೊದಲೇ ನಾನು ಕೈಯಲ್ಲಿ ಎಳೆ ಎಳೆಯುವ ಹಾಗೆ ಮಾಡಿ ತೋರಿಸಿದೆ. ರೇಷ್ಮೆ ಇಲಾಖೆಯ ತರಬೇತಿಯಲ್ಲಿ ಮೊದಲ ದಿನ ನಮಗೆ ಹೇಳಿದ್ದೂ ಅದೇ ಕಥೆ. ಅವರಿಗೆ ಬಹಳ ಸಂತೋಷವಾಯಿತು. ಆಗ ನಾನು ಅವರನ್ನು ಒಂದು ಕೇಳಿಕೊಂಡೆ, ಅವರು ಒಪ್ಪಿದ್ದಾರೆ, ಹೊಲಿಯುವವರ ಹತ್ತಿರವೂ ಮಾತಾಡಿದ್ದಾರೆ.

ನಿನ್ನ ಕ್ವಾದ ಒಳ ಅಂಚುಗಳನ್ನು ಹೊಲಿಯುವ ದಾರ ಇಲ್ಲಿಂದ ಬರುತ್ತದೆ. ನಿನ್ನೆ ಮಾರುಕಟ್ಟೆಗೆ ಹೋಗಿ ನಾನೇ ಹರಾಜಿನಲ್ಲಿ ಹಿಡಿದು ಒಳ್ಳೆಯ ಬೈವೋಲ್ಟೈನ್ ತಳಿಯ ಗೂಡು ತಂದೆ. ಬೇಸಿನ್ನಿಗೆ ಬೇರೆ ಯಾರನ್ನೂ ಕೂರಿಸಲಿಲ್ಲ. ಲಡಿ ಕಟ್ಟಿಟ್ಟಿದ್ದೇನೆ. ಹುರಿ ಹಾಕಿಸಿ, ದೊಡ್ಡಬಳ್ಳಾಪುರದಲ್ಲಿ ಬಣ್ಣಕ್ಕೆ ಕೊಡಬೇಕು. ಬಣ್ಣದವನು ಮಾದರಿ ಇಲ್ಲದೆ ಕೈ ಹಚ್ಚುವುದಿಲ್ಲ ಎನ್ನುತ್ತಾನೆ. ಕೆಂಪಿನಲ್ಲಿ ಹತ್ತು ಕೆಂಪು. ಆ ಬಟ್ಟೆಯ ಒಂದು ಚೂರು, ಎರಡು ಬೆರಳಗಲ ಇದ್ದರೂ ಸಾಕು, ಈ ವಾರವೇ ಕೊರಿಯರ್ ಮಾಡು. ಬಿಸಿಲಿಗೆ ಹಿಡಿಯದ ಹಾಗೆ ಕಪ್ಪು ಕಾಗದದಲ್ಲಿ ಸುತ್ತಿ ಕಳಿಸು.

ನಿನ್ನ
ಅಪ್ಪ